ಖಾಲಿ ಉತ್ತರಕ್ಕೊಂದು ಟಿಪ್ಪಣಿ

ಬಳ್ಳಾರಿ, ಕೌಲ್ ಬಜಾರಿನ ಅಡ್ಡಬೀದಿ.
ಕೆಳಗೆ ಪಂಪಾಪತಿಯ ಜೀನ್ಸ್ ಯೂನಿಟ್ಟು, ಮೇಲೆ ನಾನು.
ಹದಿನಾಲ್ಕು ಮಷೀನು ಒಟ್ಟಿಗೆ ಓಡಿದರೆ
ನನ್ನ ಮೇಜಿನ ನೀರಿನ ಲೋಟದಲ್ಲಿ
ಸಣ್ಣ ಸಣ್ಣ ಬಳೆ ಏಳುತ್ತವೆ.

ಈ ವಾರದ ಕೆಲಸ: ಒಂದು ಉಪಕರಣಕ್ಕೆ ಕೈಪಿಡಿ.
ಬ್ಲಾಕ್‌ಚೈನಿನ ಮೇಲೆ ಯಾರು ಏನು ಒತ್ತೆಯಿಟ್ಟರು,
ಎಷ್ಟು ಎತ್ತಿದರು, ಬಡ್ಡಿ ಈಗ ಎಷ್ಟು,
ಕೇಳಿದರೆ ಹುಡುಕಿ ಹೇಳುತ್ತದೆ. ಅಷ್ಟೇ.
ಕೊಡುವುದಿಲ್ಲ, ಇಸಕೊಳ್ಳುವುದಿಲ್ಲ,
ಯಾರ ಬಾಗಿಲೂ ಬಡಿಯುವುದಿಲ್ಲ.
ಅದನ್ನೇ ಮೊದಲ ಸಾಲಾಗಿ ಬರೆದೆ:
'ಇದು ನೋಡುತ್ತದೆ, ಮುಟ್ಟುವುದಿಲ್ಲ.'

ಓದುವವರು ಮನುಷ್ಯರಲ್ಲ.
ಏಜೆಂಟು ಅಂತಾರೆ. ನಮ್ಮೂರಲ್ಲಿ ಏಜೆಂಟು ಅಂದರೆ
ಆರ್‌ಟಿಓ ಆಫೀಸಿನ ಬೇವಿನಮರದ ಕೆಳಗೆ
ಕಂಕುಳಲ್ಲಿ ಫೈಲು ಹಿಡಿದು ನಿಂತ ಗಾದಿಲಿಂಗ;
ಅವನಿಗೆ ಅರ್ಧ ಹೇಳಿದರೆ ಸಾಕು,
ಉಳಿದರ್ಧ ನಿಮ್ಮ ಮುಖದಲ್ಲಿ ಓದಿಕೊಳ್ಳುತ್ತಾನೆ.
ಈ ಏಜೆಂಟಿಗೆ ಮುಖ ತೋರಿಸಲಾಗದು.
ಆಕಳಿಸುವುದಿಲ್ಲ, ಪುಟ ಹಾರಿಸುವುದಿಲ್ಲ,
ಬರೆದದ್ದನ್ನೆಲ್ಲ ನಂಬುತ್ತದೆ.
ಇಷ್ಟು ನಂಬುವ ಓದುಗ
ಈವರೆಗೆ ನನಗೆ ಸಿಕ್ಕಿರಲಿಲ್ಲ.
ಎದ್ದು ಫ್ಯಾನು ಆರಿಸಿ, ಮತ್ತೆ ಹಾಕಿದೆ.

ವಿಳಾಸ: ಸೊನ್ನೆ, ಎಕ್ಸ್, ಆಮೇಲೆ ನಲವತ್ತು ಅಕ್ಷರ.
ಒಂದು ಕಮ್ಮಿಯಾದರೂ ಊಹಿಸಿ ತುಂಬಬೇಡ.
ಸರಪಳಿಯ ಹೆಸರು ಕಡ್ಡಾಯ; ಒಂದೇ ವಿಳಾಸ
ಏಳು ಸರಪಳಿಯಲ್ಲಿ ಏಳು ಬೇರೆ ಸಾಲ ಹೊತ್ತಿರಬಹುದು.
ಮೊತ್ತ: ಕೆಲವು ನಾಣ್ಯಕ್ಕೆ ಆರು ಸ್ಥಾನ, ಕೆಲವಕ್ಕೆ ಹದಿನೆಂಟು.
ಇಲ್ಲಿ ಎರಡು ದಿನ ಹೋಯಿತು. ಮೊದಲ ಪರೀಕ್ಷೆಯಲ್ಲಿ
ಹನ್ನೆರಡು ಸಾವಿರದ ಸಾಲಗಾರನೊಬ್ಬ
ಭೂಮಂಡಲಕ್ಕೇ ಬಾಕಿದಾರನಾಗಿ ಕೂತಿದ್ದ.

ಬಡ್ಡಿ: ನೋಡಿದ ಗಳಿಗೆಯದು. ಮುಂದಿನ ಗಳಿಗೆಗೆ ಹಳಸುತ್ತದೆ,
ಏಪ್ರಿಲ್ ತಿಂಗಳ ಬುತ್ತಿಯನ್ನದ ಹಾಗೆ.
ಯಾವ ಬ್ಲಾಕಿನಲ್ಲಿ ನೋಡಿದೆ ಎಂದು ಜೊತೆಗೇ ಹೇಳು.

ಆರೋಗ್ಯ ಸೂಚ್ಯಂಕ: ಒಂದಕ್ಕಿಂತ ಕೆಳಗಿಳಿದರೆ
ಒತ್ತೆ ಹರಾಜು. ನೋಟೀಸಿಲ್ಲ, ತಮಟೆಯಿಲ್ಲ,
'ಇನ್ನೊಂದು ವಾರ ತಡಿಯಣ್ಣಾ' ಎನ್ನಲು ಕಟ್ಟೆಯಿಲ್ಲ.
ಯಾರು ಇಟ್ಟರೋ ಈ ಹೆಸರು, ಆರೋಗ್ಯ ಅಂತ.

ನಾನು ಸಿಕ್ಕಿಬಿದ್ದದ್ದು ಖಾಲಿ ಉತ್ತರದಲ್ಲಿ.
ಹುಡುಕಿ ಏನೂ ಸಿಗದಿದ್ದರೆ ಉಪಕರಣ
ಎರಡು ಚೌಕ ಕಂಸ ಕಳಿಸುತ್ತದೆ; ನಡುವೆ ಬಯಲು.
ಅದಕ್ಕೆ ಬರೆದಿದ್ದೆ: 'ಸಾಲ ಇಲ್ಲ.'
ಒಪ್ಪಿಗೆಗೆ ಕಳಿಸಿಯೂ ಬಿಟ್ಟಿದ್ದೆ.

ಚಹಾಕ್ಕೆ ಇಳಿದಾಗ, ದಾರ ಕತ್ತರಿಸುವ ವನ್ನೂರಮ್ಮನ ಸುತ್ತ
ನಾಕು ಹೆಂಗಸರು. ಯೂನಿಟ್ಟಿನ ಚೀಟಿ ಲೆಕ್ಕವೆಲ್ಲ
ಆಕೆಯ ತಲೆಯಲ್ಲೇ, ಕಾಗದವಿಲ್ಲ.
'ಹೊಸದಾಗಿ ಬಂದಾಳಲ್ಲ ಶಂಶಾದ್, ಚೀಟಿಗೆ ಸೇರಿಸಿಕೊಳ್ಳಾಣೇನು?
ಆಕೀದು ಎಲ್ಲ್ಯಾರ ಬಾಕಿ ಐತೇನು?'
ನೀಲಿ ಹತ್ತಿದ ಬೆರಳಲ್ಲಿ ದಾರದ ತುದಿ ಹಿಡಿದು
ವನ್ನೂರಮ್ಮ ಅಂದಳು:
'ನನ್ನ ತಾವ ಇಲ್ಲ. ವಾಷಿಂಗಿನಾಗ ನಂಗೊತ್ತಿಲ್ಲ.
ಮಿಲ್ಲರಪೇಟಿ ಚೀಟಿ ನಂಗೊತ್ತಿಲ್ಲ.
ನಾ ಗೊತ್ತಿಲ್ಲ ಅಂದ್ರ, ಇಲ್ಲ ಅಂತ ತಿಳ್ಕೋಬ್ಯಾಡ್ರಿ ಮತ್ತ.'

ಚಹಾ ಅಲ್ಲೇ ಬಿಟ್ಟು ಮೇಲೆ ಓಡಿದೆ ಅಂದರೆ ಸುಳ್ಳು.
ಕುಡಿದೆ. ಒಗ್ಗರಣಿ ತಿಂದೆ, ಎರಡು ಮಿರ್ಚಿ.
ಆಮೇಲೆ ಮೆಟ್ಟಿಲು ಹತ್ತಿ, ಹೋದ ಸಾಲನ್ನು
ಹಿಂದಕ್ಕೆ ಕರೆಸಿ ಬರೆದೆ:

'ಖಾಲಿ ಉತ್ತರ ಎಂದರೆ ನಾವು ನೋಡಿದ ಕಡೆ ಸಿಗಲಿಲ್ಲ ಎಂದು.
ನಾವು ನೋಡುವ ಕಡೆಗಳು ಒಂಬತ್ತು, ಹೆಸರು ಕೆಳಗಿವೆ.
ಅವುಗಳಾಚೆಗೆ ಗೊತ್ತಿಲ್ಲ.
ಸಾಲ ಇಲ್ಲ ಎಂದು ಯಾರಿಗೂ ಹೇಳಬೇಡ.'

ರಾತ್ರಿ ಪರಿಶೀಲನೆಯವರಿಂದ ಒಂದೇ ಮಾತು:
ಪ್ರತಿ ಪದಕ್ಕೂ ಓದುವ ಖರ್ಚಿದೆ, ಎರಡು ಸಾಲು ಕತ್ತರಿಸಿ.
ಕತ್ತರಿಸಿದೆ. ಬೇರೆ ಎರಡು.

ಕೆಳಗೆ ಕರೆಂಟು ಹೋಗಿ ಮಷೀನೆಲ್ಲ ನಿಂತವು.
ಲೋಟದ ನೀರು ಸುಮ್ಮನಾಯಿತು. ಕತ್ತಲಲ್ಲಿ ಯಾರೋ
ಸೂಜಿ ಎಲ್ಲಿ ಬಿತ್ತು, ಸೂಜಿ, ಅಂತ
ನೆಲ ತಡವುತ್ತಿದ್ದರು.