ಒಂದೇ ನಾಣ್ಯ

ರುಸ್ತಾವಿಯ ಈ ಕಟ್ಟಡದ ಲಿಫ್ಟು
ಕಾಸು ನುಂಗದೆ ಮೇಲೇರುವುದಿಲ್ಲ.
ಬಂದ ವಾರವೇ ಬಾಚೊ ಬಾಗಿಲ ಬಳಿ
ಜಾಮಿನ ಖಾಲಿ ಸೀಸೆ ಇಟ್ಟ:
ಚಿಲ್ಲರೆಯೆಲ್ಲ ಇದರೊಳಗೇ,
ಬ್ರೆಡ್ಡಿಗೆಂದೂ ಮುಟ್ಟಬಾರದು.

ಎಂಟನೆಯ ಮಹಡಿ. ಏಳನೆಯ ತಿಂಗಳು.
ಸೀಸೆ ಬರಿದಾದ ದಿನ ನುತ್ಸಾ ನಡೆದೇ ಹತ್ತುತ್ತಾಳೆ,
ತಿರುವಿಗೊಮ್ಮೆ ನಿಂತು
ಗೋಡೆಯ ಸುಣ್ಣ ಕೆರೆದು ಮೂಸುತ್ತಾಳೆ.
ಇದೂ ಒಂದು ಬಯಕೆಯೇ ಅಂದರೆ
ಉಗುರು ಬಚ್ಚಿಡುತ್ತಾಳೆ.

ಪರದೆ ಇನ್ನೂ ಇಲ್ಲ, ಕಿಟಕಿಗೆ ಹಾಸಿಗೆಯ ಚಾದರ.
‘ಅಡುಗೆ’ ಎಂದು ಬರೆದ ಡಬ್ಬದಲ್ಲಿ
ಸಿಕ್ಕಿದ್ದು ಅವನ ಕಾಲುಚೀಲ.

ಶನಿವಾರ ತೊಟ್ಟಿಲು ಬಂತು, ಯಾರೋ ಬಳಸಿದ್ದು.
ಕಂಬಿಯೊಂದರ ಮೇಲೆ
ಯಾವ ಮಗುವಿನದೋ ಹಲ್ಲಿನ ಗುರುತು.
ಲಿಫ್ಟಿನ ಬಾಗಿಲಿಗೆ ನಾಲ್ಕು ಬೆರಳು ಹೆಚ್ಚಾಯಿತು.
ಅವನು ಹೆಗಲಿಗೇರಿಸಿ ಮೆಟ್ಟಿಲು ಹಿಡಿದ.
ಎರಡು ಜೀವದವಳು
ಒಂದೇ ನಾಣ್ಯಕ್ಕೆ ಮೇಲೇರಿ

ಬಾಗಿಲು ತೆರೆದು ಕಾಯುತ್ತಾಳೆ.
ಕೆಳಗೆಲ್ಲೋ ಗೋಡೆಗೆ ತಗಲಿ ತಗಲಿ ಬರುತ್ತಿದೆ ತೊಟ್ಟಿಲು.
ಸದ್ದು ನಿಂತಿತು.
ಐದನೆಯ ಮಹಡಿಯ ಮುದುಕಿ ಲಮಾರಾ
ಚಪ್ಪಲಿ ಎಳೆಯುತ್ತ ಹೊರಬಂದು
ಅವನನ್ನು ತಡೆದು ಕೇಳುತ್ತಿದ್ದಾಳೆ, ಯಾವಾಗ?

ಮಾರ್ಚ್, ಅನ್ನುತ್ತಾನೆ ಬಾಚೊ
ಏದುಸಿರಲ್ಲಿ,
ಹೊರೆ ಇಳಿಸದೆಯೇ.