ಬಾಡಿಗೆಯ ಕಣಜ

ಟೊಲೀಡೊ ಊರಾಚೆ, ರೈಲು ಹಳಿಯ ಪಕ್ಕ
ನಾನೂರ ಹತ್ತು ತಗಡಿನ ಬಾಗಿಲು.
ಮನೆಯಲ್ಲಿ ಹಿಡಿಸದ್ದನ್ನು ಜನ ಇಲ್ಲಿ ತಂದಿಟ್ಟು
ತಿಂಗಳಿಗೆ ಇಷ್ಟೆಂದು ತೆರುತ್ತಾರೆ.
ರಸೀದಿ ಹರಿಯುವವಳು ನಾನು, ಸುಗುಣಾ ಸಾಲಿನ್ಸ್.
ಅಪ್ಪ ಉಡುಪಿ ಕಡೆಯ ಚರ್ಚಿನಲ್ಲಿ ಉಪದೇಶಿ;
ಕಣಜ ಕೆಡವಿ ದೊಡ್ಡದು ಕಟ್ಟಹೊರಟ ಸಾಹುಕಾರನ ಕಥೆಗೆ
ವರ್ಷವರ್ಷವೂ ಅದೇ ಕೆಮ್ಮು, ಅದೇ ನಿಟ್ಟುಸಿರು.
ಆ ಕಣಜಕ್ಕೆ ನಂಬರು ಇರಲಿಲ್ಲ, ಅಷ್ಟೇ.

ನೂರ ಹದಿನಾಲ್ಕರ ಒಡತಿ ವರ್ನಾ ಸ್ಟೋಲ್ಟ್ಸ್.
ಕೊಂಡವನು ಗಂಡ; ಧೂಳು ಹೊಡೆದವಳು ಇವಳು.
ಇಬ್ಬರೇ ಇದ್ದ ಮನೆಗೆ ಹನ್ನೆರಡು ಕುರ್ಚಿಯ ಮೇಜು,
ಡಬ್ಬಿ ಬಿಚ್ಚದ ಮೂರು ಇಸ್ತ್ರಿಪೆಟ್ಟಿಗೆ,
ಮೀನು ಕಾಣದೆ ಮುದಿಯಾದ ಒಂದು ದೋಣಿ.
ಅವನು ಸತ್ತ ಮೇಲೆ ಶನಿವಾರ ಶನಿವಾರ ಬಂದು
ಒಂದೊಂದೇ ಹೊರಗೆಳೆದು
ಸಭೆಯ ಹುಡುಗರ ಟ್ರಕ್ಕಿಗೆ ಹೇರಿಸುತ್ತಾಳೆ.
ಕುರ್ಚಿ ಯಾರಿಗೆ? ಕೇಳಿದೆ.
ನಿಂತು ಉಣ್ಣುವವರಿಗೆ, ಅಂದಳು.
ದೋಣಿ ಕೊಟ್ಟ ದಿನ ಏನೂ ಅನ್ನಲಿಲ್ಲ. ಸ್ವಲ್ಪ ಅತ್ತಳು.

ಒಮ್ಮೆ ಅವಳದೇ ಪ್ರಶ್ನೆ:
ನಿನ್ನ ಭಾಷೆಯಲ್ಲಿ ಹೊಟ್ಟೆ ತುಂಬಿದವರು ಏನನ್ನುತ್ತಾರೆ?
ಇಲ್ಲದ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದೆ: ಸಾಕು.
ಸಾ-ಕೂ, ಅಂದಳು, ಹಕ್ಕಿ ಕರೆದಂತೆ.
ಅದೇ ಮಾತಿಗೆ ಇನ್ನೊಂದು ಅರ್ಥವಿದೆ:
ತಬ್ಬಲಿ ಕರುವನ್ನು, ಯಾರದೋ ಮಗುವನ್ನು
ನಮ್ಮದೆಂದು ಬೆಳೆಸುವುದು.
ಹೇಳಲಿಲ್ಲ. ರಸೀದಿಗೆ ಸಾಲು ನಿಂತಿತ್ತು.

ಕಳೆದ ವಾರ ನೂರ ಹದಿನಾಲ್ಕು ಖಾಲಿ.
ಬರೀ ನೆಲದ ನಡುವೆ ಕುಳಿತು
ಬ್ರೆಡ್ಡು ಮುರಿದು ಅರ್ಧ ನನಗೆ ಚಾಚಿದಳು.
ಬೇಡ, ಊಟ ಆಗಿದೆ, ಅಂದೆ. ಸುಳ್ಳು.
"ಕೊಡುವುದು ಕಲಿಯಲು ನನಗೆ ನಾಲ್ಕು ವರ್ಷ ಹಿಡಿಯಿತು,
ತಗೊಳ್ಳುವುದಕ್ಕೆ ನಿನಗೆಷ್ಟು?"
ತಗೊಂಡೆ. ಸಾಸಿವೆಯ ಘಾಟಿಗೆ ಕಣ್ಣಲ್ಲಿ ನೀರು.

ಬೀಗ ನನ್ನ ಮೇಜಿನ ಮೇಲಿಟ್ಟು ಹೋದಳು.
ಮಧ್ಯಾಹ್ನದೊಳಗೆ ಆ ಕೋಣೆಗೆ ಮೂವರು ಕಾದಿದ್ದರು.

ನನ್ನದೂ ಒಂದಿದೆ, ಮೂವತ್ತೆಂಟು; ನೌಕರರಿಗೆ ಬಿಟ್ಟಿ.
ಏನೇನು ಇಟ್ಟೆನೋ, ನೆನಪಿಲ್ಲ.
ಇವತ್ತು ಬಾಗಿಲು ಎತ್ತಿದೆ, ಮೊಳದಷ್ಟು.
ಒಳಗಿನ ಕತ್ತಲು ಹೊರಬಂದು ನನ್ನ ಪಾದ ಮೂಸಿತು,
ಹಸಿದ ಕರುವಿನ ಹಾಗೆ.
ಇಷ್ಟು ವರ್ಷ ಸಾಕಿದ್ದು ಇದನ್ನೇ.