ಮೂಟೆಗೆ ಎಷ್ಟು ಬೆರಳು

ಸುಂಟಿಕೊಪ್ಪದ ನಮ್ಮ ಶೆಡ್ಡಿಗೆ ಅವತ್ತು ಬಂದದ್ದು
ಬಣ್ಣ ಬದಲಿಸಿಕೊಂಡ ಸ್ಕೂಲ್ ಬಸ್ಸು.
ಮೇಲೆಲ್ಲ ಬಿಳಿ ಬಳಿದಿದ್ದರೂ
ಬಾಗಿಲ ಸಂದಿಯಲ್ಲಿ ಹಳದಿ ಇಣುಕುತ್ತಿತ್ತು.
ಒಳಗೆ ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು,
ಕಿಟಕಿಗೆ ಹೂವಿನ ಪರದೆ.
ಚಕ್ರದ ಮೇಲಿನ ಮನೆ, ಎಂದರು ದೇಚವ್ವ ಟೀಚರು.
ಮೂವತ್ತೊಂದು ವರ್ಷ ಗಣಿತ ಹೇಳಿದ ಶಾಲೆ ಹರಾಜಿಗಿಟ್ಟಾಗ
ಕೂಗಿ ಹಿಡಿದ ಬಸ್ಸು.

ಆಚೆ ಸೀಟಿನಿಂದ ಮೆಲ್ಲಗೆ ಇಳಿದವರು ತಂಗಿ ಮುತ್ತಕ್ಕಿ.
ಮೆಣಸು ಕೊಯ್ಯುವ ಏಣಿ ಜಾರಿ
ಬೆನ್ನಲ್ಲಿ ಎರಡು ಸ್ಕ್ರೂ.
"ಮನೆಯಂತೆ, ಮನೆ!
ಒಂದೊಂದು ಹಂಪೂ ನನ್ನ ಆ ಎರಡನ್ನೂ
ಹೆಸರು ಹಿಡಿದು ಕೂಗುತ್ತದೆ."

ಮೊಯ್ದೂಟಿ ಮೇಸ್ತ್ರಿ ಕೆಳಗೆ ನುಸುಳಿ ಪ್ಲೇಟು ಎಣಿಸಿದರು.
ಹನ್ನೊಂದು.
ಮಲಗಿದಲ್ಲಿಂದಲೇ ಹೇಳಿದರು:
ಟೀಚರೇ, ಇದು ಮೂವತ್ತು ಮಕ್ಕಳಿಗೆ, ಮೂವತ್ತು ಚೀಲಕ್ಕೆ
ಹುಟ್ಟಿದ ಕಮಾನು.
ನೀವಿಬ್ಬರು ಕೂತದ್ದು ಇದಕ್ಕೆ ಗೊತ್ತೇ ಆಗಿಲ್ಲ.
ತಾನು ಬಗ್ಗದ ಕಮಾನು
ಬಗ್ಗುವ ಕೆಲಸವನ್ನು ಕೂತವರ ಬೆನ್ನಿಗೆ ದಾಟಿಸುತ್ತದೆ.

ಗೊತ್ತಾಗಿಲ್ಲ ಅಂದರೆ, ಎಷ್ಟು?
ನಮ್ಮಲ್ಲಿ ಎಷ್ಟು ಅಂತ ಕೇಳಿದವರೇ ಇಲ್ಲ.
ಗಟ್ಟಿ, ಮೆದು; ಅಷ್ಟೇ ಲೆಕ್ಕ.

ಎದುರಿನ ಗೋದಾಮಿನಿಂದ ಕೈಕಾಲು ಹಿಡಿದು ತಂದೆ
ಐವತ್ತು ಕಿಲೋದ ಕಾಫಿ ಮೂಟೆಗಳು.
ಮಂಚ ಸರಿಸಿ, ಹಿಂದಿನ ಆಕ್ಸಲಿನ ಮೇಲೆ
ಒಂದರ ಪಕ್ಕ ಒಂದು ಹೇರಿದೆ.
ಟೀಚರು ಗ್ರೀಸು ಮಣ್ಣಲ್ಲಿ ಮಂಡಿಯೂರಿ ಸ್ಕೇಲು ಹಿಡಿದರು.
ನಾಲ್ಕು ಮೂಟೆಗೆ ಅರ್ಧ ಬೆರಳು.
ಇದ್ದಿಲಿನಿಂದ ಶೆಡ್ಡಿನ ಗೋಡೆಗೆ ಬರೆದರು:
ಅಡ್ಡಕ್ಕೆ ಬೆರಳು, ಮೇಲಕ್ಕೆ ಮೂಟೆ.
ಗೆರೆ ಏಣಿಯ ಹಾಗೆ ನೆಟ್ಟಗೆ ಎದ್ದಿತು.
ಏಣಿ ಸುದ್ದಿ ಬೇಡ, ಎಂದರು ಮುತ್ತಕ್ಕಿ.

ಐದು ಪ್ಲೇಟು ಬಿಚ್ಚಿ ಮಡಿಕೇರಿ ಕಡೆ ಹೊರಟೆವು,
ಮುತ್ತಕ್ಕಿ ತೊಡೆಯ ಮೇಲೆ
ತುಂಬಿದ ಲೋಟ ಬೆಲ್ಲದ ಕಾಪಿ.
ಎರಡು ಹಂಪು ದಾಟಿದರೂ ಹನಿ ಬೀಳಲಿಲ್ಲ.
ನಾನು ಹಿಗ್ಗುತ್ತಿದ್ದೆ.
ಕೆದಕಲ್ ತಿರುವಲ್ಲಿ ಬಸ್ಸು ಒಂದು ಭುಜ ಇಳಿಸಿತು,
ಟ್ಯಾಂಕಿನ ನೀರೆಲ್ಲ ಆ ಭುಜಕ್ಕೇ ಓಡಿತು,
ಬೀರು ತೆರೆದು ಕಾಚಂಪುಳಿ ಬಾಟಲಿ ನೆಲಕ್ಕೆ.
ಮುಂದಿನ ಹೊಂಡದಲ್ಲಿ ಕಮಾನು ತಳ ಮುಟ್ಟಿ
ಧಡ್.
ಮೆದುವೆಂದರೆ ಸುಖವಲ್ಲ ಅಂತ
ಆ ಹುಳಿ ವಾಸನೆ ವಾರವಿಡೀ ಹೇಳುತ್ತಿತ್ತು.

ಮೇಸ್ತ್ರಿ ಬೀಡಿ ಮುಗಿಯುವ ತನಕ ಸುಮ್ಮನಿದ್ದರು.
ಆಮೇಲೆ ಟ್ಯಾಂಕನ್ನು ನಡುವಿಗೆ ತಂದರು,
ಶಾಕ್ ಅಬ್ಸಾರ್ಬರ್ ಹೊಸದು,
ಪ್ಲೇಟು ಏಳು.
ಏಳರ ಕೆಳಗೆ ದಪ್ಪದ್ದೊಂದು,
ತುದಿಗಳು ತಾಗದ ಹಾಗೆ ಎರಡು ಬೆರಳು ಸಂದಿ ಬಿಟ್ಟು.
ಇದು ನನ್ನ ಅಣ್ಣನ ಹಾಗೆ, ಎಂದರು.
ನಗುವಾಗ ಬರುವುದಿಲ್ಲ. ಭಾರ ಬಿದ್ದ ದಿನ
ಕರೆಯದೆಯೇ ಅಂಗಳದಲ್ಲಿ ನಿಂತಿರುತ್ತಾನೆ.

ಮತ್ತೆ ಮೂಟೆ, ಮತ್ತೆ ಇದ್ದಿಲು.
ನಾಲ್ಕಕ್ಕೆ ಒಂದು ಬೆರಳು.
ಗೆರೆ ಈಗ ಮಲಗಿದ ದಾರಿ;
ಎಂಟನೇ ಮೂಟೆಗೆ ಮಾತ್ರ ಅದಕ್ಕೊಂದು ಮೊಣಕೈ ಮೂಡಿ
ಮೇಲಕ್ಕೆ ತಿರುಗಿತು.
ಟೀಚರು ಆ ಮೊಣಕೈಯನ್ನು ಬೆರಳಲ್ಲಿ ಮುಟ್ಟಿದರು,
ಕೊನೆಗೂ ಲೆಕ್ಕ ಸರಿ ಬರೆದ ಹುಡುಗನ ತಲೆ ಮುಟ್ಟಿದಂತೆ.

ಕೆದಕಲ್ಲಿನಲ್ಲಿ ಮೂರು ಹನಿ.
ಸೀರೆಯ ಮೇಲಿನ ಕಲೆ ನೋಡಿಕೊಂಡು ಮುತ್ತಕ್ಕಿ ಹೇಳಿದರು:
ಇರಲಿ ಬಿಡಪ್ಪ.
ಇಷ್ಟೂ ಚೆಲ್ಲದಿದ್ದರೆ
ಹೊರಟಿದ್ದೇವೆ ಅಂತ ಹೇಗೆ ಗೊತ್ತಾಗಬೇಕು.

ಬಸ್ಸು ಹೋಗಿ ಎರಡು ಮಳೆಗಾಲವಾಯಿತು.
ಜೀಪಿನವರು, ಪಿಕಪ್ಪಿನವರು ಬಂದರೆ
ಈಗ ನಾನೇ ಕೇಳುತ್ತೇನೆ, ಮೂಟೆಗೆ ಎಷ್ಟು ಬೆರಳು ಬೇಕು?
ಅವರು ಮೇಸ್ತ್ರಿ ಮುಖ ನೋಡುತ್ತಾರೆ.
ಒಂದು ಮೂಟೆಯಲ್ಲಿ ಅರ್ಧ ಕಿಲೋ ಕಮ್ಮಿ ಅಂತ
ಗೋದಾಮಿನವನ ಗೊಣಗಾಟ ನಿಂತಿಲ್ಲ.
ನಿಜವೇ. ಟೀಚರ ಸ್ಕೇಲಿನ ಮೂಲೆ ತಾಗಿ ಗೋಣಿ ಹರಿದಿತ್ತು.
ಗುಂಡಿಯ ಎಣ್ಣೆಯಲ್ಲಿ ಕೈಯಾಡಿಸಿದರೆ
ನಟ್ಟಿನ ಜೊತೆ ಇನ್ನೂ ಒಂದೆರಡು ಬೀಜ ಸಿಗುತ್ತವೆ.